ನೊರೆ ಮಾಳಿಗೆ

"ಬಿಡೋ ಕೈ."

"ಬಿಡಂಗಿಲ್ರೀ ಅಮ್ಮಾರ."

ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ತಲೆಯ ಕಡೆ ನಾಗಲಿಂಗಮ್ಮನ ಕೈಯಲ್ಲಿ, ಕಾಲಿನ ಕಡೆ ಭೀಮರಾಜನ ಕೈಯಲ್ಲಿ. ಅವಳು ಮೇಲಕ್ಕೆ ಎಳೆದಳು. ಅವನು ಕೆಳಕ್ಕೆ ಎಳೆದ. ಕಬ್ಬಿಣದ ಪೈಪು ಗೋಡೆಗೆ ತಾಗಿ ಸುಣ್ಣ ಉದುರಿತು. ಎಪ್ಪತ್ತು ದಾಟಿದ ಹೆಂಗಸಿನ ಜೊತೆ ಮಂಚ ಎಳೆದಾಡುವುದು ಬೀದಿಯಿಂದ ನೋಡುವವರಿಗೆ ಹೇಗೆ ಕಾಣಬಹುದು ಎಂದು ಅವನು ಯೋಚಿಸಿದ. ಕೈ ಮಾತ್ರ ಬಿಡಲಿಲ್ಲ.

"ಶಾವಿಗಿ ಎಲ್ಲಿ ಒಣಾಕ್ಲಿ? ನಿನ್ನ ತಲಿ ಮ್ಯಾಲೇನು?"

"ತಲಿ ಮ್ಯಾಲೆ ಹಾಕ್ರಿ, ಅಡ್ಡಿಲ್ಲ. ಮಾಳಿಗಿ ಮ್ಯಾಲೆ ಬ್ಯಾಡ."

"ಈ ಮನಿ ಯಾರದು?"

"ನಿಮ್ದ್ರಿ."

"ಮಾಳಿಗಿ?"

"ಅದೂ ನಿಮ್ದ. ಅದರ ಮ್ಯಾಲಿನ ಫೋಮು ಮಾತ್ರ ಇನ್ನೂ ನಂದ್ರಿ. ಒಂದು ಮಳಿ ಬಂದು ಹೋಗೋ ತನಕ ನಂದು."

ಕೆಳಗೆ ಅಂಗಳದಲ್ಲಿ ಮೆಕ್ಕೆಜೋಳದ ಚೀಲಗಳ ನಡುವೆ ನಿಂತು ಫೋನಿನಲ್ಲಿ ಯಾರಿಗೋ ದರ ಹೇಳುತ್ತಿದ್ದ ಹಾಲೇಶಪ್ಪ ತಲೆ ಎತ್ತಿ ನೋಡಿದ. "ಅವ್ವ, ಬಿಡಬೇ. ಅಂಗಳದಾಗ ಹಾಕು."

"ಅಂಗಳದಾಗ ನಿನ್ನ ಚೀಲ ಅದಾವ. ಚೀಲದಾಗ ಇಲಿ ಅದಾವ. ಇಲಿಗೆ ಬಡಸ್ಲೇನು ಶಾವಿಗಿ?"

ಹೀಗೆ ಹೇಳಿ ಅವಳು ಮಂಚವನ್ನು ಒಮ್ಮೆಲೇ ಬಿಟ್ಟಳು. ಭೀಮರಾಜ ಮಂಚದ ಸಮೇತ ಕೆಳಗಿನ ಮೆಟ್ಟಿಲುಗಳ ಮೇಲೆ ಕೂತ. ನಾಗಲಿಂಗಮ್ಮ ಮೇಲಿನಿಂದ ನೋಡಿ ನಕ್ಕಳು. ಅಲ್ಲಿಗೆ ಅವಳ ಸಿಟ್ಟು ಮುಗಿದಂತೆ ಕಂಡಿತು.

ಮಂಚದ ನಾಲ್ಕು ಕಾಲಿಗೂ ಮೊದಲು ರಬ್ಬರಿನ ಬಿರಡೆಗಳಿದ್ದವು. ಈಗ ಒಂದಕ್ಕೂ ಇರಲಿಲ್ಲ. ಭೀಮರಾಜ ಪೈಪಿನ ದುಂಡನೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ಬಿಸ್ಕತ್ತು ಕತ್ತರಿಸುವ ಅಚ್ಚಿನಂತಿತ್ತು.

ಅವನು ಬಹಳ ದಿನ ಹೊಸಪೇಟೆಯ ಒಬ್ಬ ಗುತ್ತಿಗೆದಾರನ ಕೈಕೆಳಗೆ ಶೀತಲಗೃಹಗಳ ಗೋಡೆಗೆ ಫೋಮ್ ಹೊಡೆಯುವ ಕೆಲಸ ಮಾಡಿದ್ದ. ಈಗ ಬಾಡಿಗೆಗೆ ಯಂತ್ರ ತಂದು ತನ್ನ ಹೆಸರಿನಲ್ಲೇ ಮಾಳಿಗೆಗಳಿಗೆ ಹೊಡೆಯಲು ಶುರು ಮಾಡಿದ್ದ. ಶುರು ಮಾಡಿದ್ದ ಎಂದರೆ ಒಂದು ಮಾಡಿದ್ದ. ಹರಪನಹಳ್ಳಿಯಲ್ಲಿ ಹಾಲೇಶಪ್ಪನ ಮನೆಯದೇ ಮೊದಲನೆಯದು. ಎರಡು ಪೈಪಿನಿಂದ ಎರಡು ದ್ರವ ಬಂದು ಬಂದೂಕಿನಂಥ ಒಂದು ಮೂತಿಯಲ್ಲಿ ಕೂಡುತ್ತವೆ. ಕಾಂಕ್ರೀಟಿನ ಮೇಲೆ ಬಿದ್ದ ಕೂಡಲೇ ಉಬ್ಬುತ್ತವೆ, ನೊರೆಯಾಗುತ್ತವೆ, ನೋಡುತ್ತಿದ್ದಂತೆ ಗಟ್ಟಿಯಾಗುತ್ತವೆ. ಬಣ್ಣ ಹಳದಿ. ಅದರ ಮೇಲೆ ಬಿಳಿಯ ಲೇಪ. ಹಳದಿ ಬಿಸಿಲಿಗೆ ಕಾಣಬಾರದು. ಕಂಡರೆ ಕಂದಾಗುತ್ತದೆ, ಪುಡಿಯಾಗುತ್ತದೆ, ಆಮೇಲೆ ನೀರು ಒಳಗೆ ಇಳಿಯುತ್ತದೆ. ಲೇಪ ಹರಿಯದಿದ್ದರೆ ಬಿಸಿಲು ಮಳೆ ಎರಡನ್ನೂ ತಡೆಯುವ ಈ ವಸ್ತು ಒಂದು ಚಪ್ಪಲಿಯ ಹಿಮ್ಮಡಿಯನ್ನು ತಡೆಯಲಾರದು.

ಆದ್ದರಿಂದ ಕೆಲಸ ಮುಗಿದ ದಿನ ಅವನು ಮನೆಯವರನ್ನೆಲ್ಲ ನಿಲ್ಲಿಸಿ ಹೇಳಿದ್ದ. ಚಪ್ಪಲಿ ಹಾಕಿಕೊಂಡು ಹತ್ತಬಾರದು. ಮಂಚ ಒಯ್ಯಬಾರದು. ಡಿಶ್ ನಿಲ್ಲಿಸಲು ಮೊಳೆ ಹೊಡೆಯಬಾರದು. ಕಬ್ಬಿಣ ಮುಟ್ಟಿಸಬಾರದು, ಕಲ್ಲು ಇಡಬಾರದು, ಮೆಣಸಿನಕಾಯಿ ಕುಟ್ಟಬಾರದು. ಹಾಲೇಶಪ್ಪ ತಲೆಯಾಡಿಸಿದ್ದ. ನಾಗಲಿಂಗಮ್ಮ ಬರಿಗಾಲಲ್ಲಿ ಮೇಲೆ ಹೋಗಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಬಂದಿದ್ದಳು.

"ಒಳ್ಳೆ ಬನ್ನು ಇದ್ದಂಗ ಐತಿ," ಎಂದಿದ್ದಳು. "ಇದು ಮಾಳಿಗಿ ಹೆಂಗಾಕೈತಿ? ನೊರೆ. ನೊರೆ ಮಾಳಿಗಿ."

ಹೆಸರು ನಿಂತಿತು. ಬೀದಿಯವರೂ ಹಾಗೇ ಕರೆಯತೊಡಗಿದರು. ಆ ದಿನ ಮಾತು ಮುಗಿದ ಮೇಲೆ ಚಹಾ ಬಂದಿತ್ತು. ಹಾಲೇಶಪ್ಪನಿಗೆ ಸ್ಟೀಲ್ ಲೋಟದಲ್ಲಿ, ಭೀಮರಾಜನಿಗೆ ಪೇಪರ್ ಕಪ್ಪಿನಲ್ಲಿ. ಅವನು ಕುಡಿದು ಕಪ್ಪನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದ.

ಒಂದು ಮಳೆಯ ಮಾತು ಗುರುಬಸವರಾಜನದು. ಅವನು ಹಾಲೇಶಪ್ಪನ ಹೆಂಡತಿಯ ಅಣ್ಣ. ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆ ಮತ್ತು ಹಾಸ್ಟೆಲ್ ನಡೆಸುವ ಒಂದು ಸಂಸ್ಥೆಯ ಕಾರ್ಯದರ್ಶಿ. ಫೋಮ್ ಹೊಡೆಯುವ ದಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಪೂರ್ತಿ ನೋಡಿದ್ದ. ಎದ್ದು ಹೋಗುವಾಗ, "ಒಂದು ಮಳಿ ಹೋಗ್ಲಪ್ಪ. ಬಂದು ನೋಡ್ತೀನಿ. ನೆಟ್ಟಗಿದ್ರ ಹಾಸ್ಟೆಲ್ಲಿನ ಮಾಳಿಗಿ ನಿಂದು," ಎಂದಿದ್ದ.

ಆ ಹಾಸ್ಟೆಲ್ಲಿನಲ್ಲಿ ಭೀಮರಾಜ ಎಂಟನೆಯ ತರಗತಿಯಿಂದ ಪಿಯುಸಿಯವರೆಗೆ ಇದ್ದ. ಅದು ಉದ್ದನೆಯ, ಮರದ ನೆರಳಿಲ್ಲದ ಕಟ್ಟಡ. ಬೇಸಿಗೆಯಲ್ಲಿ ಹೊತ್ತು ಇಳಿದ ಮೇಲೆ ಹುಡುಗರು ಬಕೆಟ್ಟುಗಳಲ್ಲಿ ನೀರು ಹೊತ್ತು ಸ್ಲ್ಯಾಬಿನ ಮೇಲೆ ಸುರಿಯುತ್ತಿದ್ದರು. ಸ್ಲ್ಯಾಬು ಸುಯ್ ಎಂದು ಹಬೆ ಬಿಡುತ್ತಿತ್ತು. ಆ ಹಬೆ ಕೆಳಗಿಳಿದು ಕೋಣೆ ತುಂಬುತ್ತಿತ್ತು. ಆದರೂ ಮರುದಿನ ಮತ್ತೆ ಸುರಿಯುತ್ತಿದ್ದರು. ಒದ್ದೆ ಟವೆಲ್ಲು ಹೊದ್ದು ಮಲಗಿದ ಅವನಿಗೆ ಮಾಳಿಗೆ ಎಂದರೆ ಹಗಲು ಬಿಸಿಲನ್ನು ಕೂಡಿಟ್ಟುಕೊಂಡು ಆಮೇಲೆ ಮನುಷ್ಯರ ಮೇಲೆ ಬಿಡುವ ವಸ್ತು ಎಂದು ಅನಿಸಿತ್ತು. ಈಗ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅವನು ಕಿಟಕಿಯಿಂದ ಅದನ್ನು ಅಳೆಯುತ್ತಿದ್ದ. ಬೇರೆ ಕಟ್ಟಡಗಳೂ ಇದ್ದವು. ಅವನಿಗೆ ಬೇಕಾಗಿದ್ದದ್ದು ಅದು.

ಹಾಗಾಗಿ ದಿನಕ್ಕೊಮ್ಮೆ ಯಾವುದಾದರೂ ನೆಪ ತೆಗೆದು ಹಾಲೇಶಪ್ಪನ ಮನೆಗೆ ಬರುತ್ತಿದ್ದ. ಮಂಚದ ದಿನ ಬಂದದ್ದೂ ಹಾಗೇ.

ಬಳ್ಳಾರಿಯಲ್ಲಿ ಒಂದು ಶೀತಲಗೃಹದ ಕೆಲಸಕ್ಕೆ ಹಳೆಯ ಗುತ್ತಿಗೆದಾರ ಕರೆದ. ವಾರದ ಕೆಲಸ. ಬೇಡ ಎನ್ನುವ ಹಾಗಿರಲಿಲ್ಲ, ಬಾಡಿಗೆಗೆ ತಂದ ಯಂತ್ರ ಆ ಗುತ್ತಿಗೆದಾರನದೇ. ಹೊರಡುವ ದಿನ ಭೀಮರಾಜ ಅಜ್ಜಿಯ ಎದುರು ಊಟಕ್ಕೆ ಕೂತಿದ್ದ. ಅಜ್ಜಿ ಗಿಡ್ಡಮ್ಮ, ಅವನು. ಮನೆಯಲ್ಲಿ ಇಬ್ಬರೇ.

"ಯಾಕೋ, ರೊಟ್ಟಿ ಹಂಗ ಬಿಟ್ಟಿ?"

"ಮಳಿ ಹತ್ರ ಬಂತಲ್ಲಜ್ಜಿ. ನಾ ಊರಾಗ ಇರಂಗಿಲ್ಲ. ಆ ಮಾಳಿಗಿಗೆ ಏನಾರ ಆದ್ರ ಹಾಸ್ಟೆಲ್ ಹೋತು."

"ಯಾವ ಮಾಳಿಗಿ? ಹಾಲೇಶಪ್ಪಾರ ಮನೀದಾ?"

"ಹೂಂ."

"ಅದನ್ನ ನನಗ ಹೇಳ್ತೀಯೇನು. ನನ್ನ ಸೊಂಟ ಹೋಗಿದ್ದ ಆ ಮಾಳಿಗಿ ಮ್ಯಾಲೆ."

ಅವನು ನಕ್ಕ. ಅಜ್ಜಿ ಇನ್ನೊಂದು ರೊಟ್ಟಿ ಹಾಕಿದಳು. ಏನೇನು ಆಗಬಾರದು ಹೇಳು ಎಂದಳು. ಅವನು ಹೇಳಿದ. ಅವನಿಗೆ ಅದು ಬಾಯಿಪಾಠವಾಗಿತ್ತು.

"ಚಪ್ಪಲಿ ಬ್ಯಾಡ, ಕಬ್ಬಿಣ ಬ್ಯಾಡ, ಕಲ್ಲು ಬ್ಯಾಡ, ಚೂಪಂದು ಏನೂ ಬ್ಯಾಡ."

"ಮರದ್ದು?"

"ಏನದು ಮರದ್ದು?"

"ಮರದ್ದು ಅಡ್ಡಿ ಇಲ್ಲೇನು ಅಂತ."

"ಅಜ್ಜಿ, ಅಲ್ಲಿ ಮರದ್ದು ಯಾರು ತರ್ತಾರ? ಅಡ್ಡಿ ಇಲ್ಲ ಬಿಡು," ಎಂದು ಅವನು ಕೈ ತೊಳೆಯಲು ಎದ್ದ. ಬಸ್ಸಿಗೆ ಹೊತ್ತಾಗಿತ್ತು.

ಹಾಲೇಶಪ್ಪನ ಮನೆ ಈಗಿರುವ ಜಾಗದಲ್ಲಿ ಮೊದಲು ಮಣ್ಣಿನ ಮಾಳಿಗೆಯ ಮನೆ ಇತ್ತು. ತೊಲೆ, ಜಂತೆ, ಜಂತೆಯ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಮಣ್ಣು. ಅಂಥ ಮಾಳಿಗೆಗೆ ವರ್ಷಕ್ಕೊಮ್ಮೆ, ರೋಹಿಣಿ ಮಳೆ ಬೀಳುವ ಮುಂಚೆ, ಕರಲು ಮಣ್ಣು ಹಾಕಬೇಕು. ಹಳ್ಳದ ದಂಡೆಯಲ್ಲಿ ಬೂದಿಯಂತೆ ಬಿಳುಪಾಗಿ ಬಿದ್ದಿರುವ, ಏನೂ ಬೆಳೆಯದ ಉಪ್ಪುಮಣ್ಣು ಅದು. ಅದನ್ನು ಪುಟ್ಟಿಯಲ್ಲಿ ಹೊತ್ತು ತಂದು, ಹರವಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದರೆ ಒಂದು ಹದಕ್ಕೆ ಬಂದು ಬಿಗಿಯುತ್ತದೆ. ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಒಂದೊಂದು ಮನೆಯ ಮಾಳಿಗೆಗೆ ಒಂದೊಂದು ಮನೆತನದವರು ನಿಗದಿ. ಈ ಮನೆಗೆ ಗಿಡ್ಡಮ್ಮನ ಅತ್ತೆ ಇದ್ದಳು, ಅತ್ತೆಯ ನಂತರ ಗಿಡ್ಡಮ್ಮ. ಕೆಲಸ ಮುಗಿದ ದಿನ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತು ನಾಗಲಿಂಗಮ್ಮ ಒಂದು ಮೊರದಲ್ಲಿ ಜೋಳ ತುಂಬಿ, ಜೋಳದ ಮೇಲೆ ಸೀರೆ ಇಟ್ಟು ಕೊಡುತ್ತಿದ್ದಳು. ಗಿಡ್ಡಮ್ಮ ಮೆಟ್ಟಿಲ ಕೆಳಗೆ ನಿಂತು ಸೆರಗೊಡ್ಡುತ್ತಿದ್ದಳು. ಸೀರೆ ಯಾವ ಬಣ್ಣದ್ದಾದರೂ ಸರಿ, ಜೋಳ ಹುಳಬಿದ್ದದ್ದಾದರೂ ಸರಿ, ಅವಳು ಸೆರಗು ಕಟ್ಟಿಕೊಂಡು ಹೋಗುತ್ತಿದ್ದಳು. ಆಮೇಲೆ ಹಾಲೇಶಪ್ಪ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಸ್ಲ್ಯಾಬಿಗೆ ಗಿಡ್ಡಮ್ಮ ಬೇಕಾಗಿರಲಿಲ್ಲ. ಮೊರವೂ ನಿಂತಿತು. ಕೊಡತಿಯನ್ನು ಅವಳು ಸೂರಿನಲ್ಲಿ ಸಿಗಿಸಿಟ್ಟಿದ್ದಳು.

ಭೀಮರಾಜನಿಗೆ ಇದೆಲ್ಲ ಗೊತ್ತಿತ್ತು. ಚಿಕ್ಕವನಿದ್ದಾಗ ಅವನು ಆ ಮಾಳಿಗೆಯ ಮೇಲೆ ಆಡಿದ್ದ. ಆದರೆ ಗೊತ್ತಿದ್ದದ್ದೆಲ್ಲ ಊಟದ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಬಳ್ಳಾರಿಯಿಂದ ಬಂದವನು ಮನೆಗೆ ಹೋಗದೆ ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಹಾಲೇಶಪ್ಪನ ಬೀದಿಗೆ ನಡೆದ. ಪಡುವಣದ ಕಡೆ ಮೋಡ ಕಟ್ಟಿತ್ತು. ಬೀದಿಯ ತಿರುವಿನಲ್ಲಿ ಒಂದು ಸದ್ದು ಕೇಳಿಸಿತು. ದಪ್. ಸ್ವಲ್ಪ ತಡೆದು ಮತ್ತೆ ದಪ್. ಹಳೆಯ ಸದ್ದು, ಒಳ್ಳೆಯ ಸದ್ದು ಅನಿಸಿತು. ಎಲ್ಲಿ ಕೇಳಿದ್ದು ಎಂದು ಮಾತ್ರ ಹೊಳೆಯಲಿಲ್ಲ. ಮನೆಯ ಹೊರಮೆಟ್ಟಿಲ ಬುಡದಲ್ಲಿ ಎರಡು ಜೊತೆ ಹೆಂಗಸರ ಚಪ್ಪಲಿಗಳು ಸಾಲಾಗಿ, ಮೂತಿ ಹೊರಕ್ಕೆ ಮಾಡಿ ಬಿಟ್ಟಿದ್ದವು. ಅದನ್ನು ನೋಡಿ ಅವನಿಗೆ ಸಮಾಧಾನವಾಯಿತು. ಹೇಳಿದ ಮಾತು ಕೇಳಿದ್ದಾರೆ.

ಹತ್ತಿ ನೋಡಿದರೆ ಮೇಲೆ ಬಿಳಿ ಇರಲಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬೂದು ಬಣ್ಣದ ಮಣ್ಣು, ಒದ್ದೆ, ನಯ. ಅದರ ನಡುವೆ ಗಿಡ್ಡಮ್ಮ ತುದಿಗಾಲಲ್ಲಿ ಕೂತು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೊಡತಿ ಎತ್ತಿ ಹಾಕುತ್ತಿದ್ದಳು. ನಾಗಲಿಂಗಮ್ಮ ಪ್ಯಾರಾಪೆಟ್ಟಿನ ಮೇಲೆ ಕೂತು ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು.

"ಬಾರೋ ಬಾ," ಎಂದಳು ನಾಗಲಿಂಗಮ್ಮ. ಆಮೇಲೆ ಅವನ ಕಾಲು ನೋಡಿದಳು. "ಬೂಟು! ಲೇ, ಬೂಟು ಬಿಟ್ಟು ಬಾರೋ. ನಮಗ ಹೇಳ್ತಾನ, ತಾ ಬೂಟು ಹಾಕ್ಕೊಂಡು ಬರ್ತಾನ ನೋಡು."

ಅವನು ಕೆಳಗಿಳಿದು ಬೂಟು ಬಿಚ್ಚಿ ಚಪ್ಪಲಿಗಳ ಪಕ್ಕ ಇಟ್ಟು ಮತ್ತೆ ಹತ್ತಿ ಬಂದ. ಮುಖ ಸರಿಮಾಡಿಕೊಳ್ಳಲು ಅಷ್ಟು ಹೊತ್ತು ಸಿಕ್ಕದ್ದು ಒಳ್ಳೆಯದೇ ಆಯಿತು.

"ಯಾರು ಹೇಳಿದ್ರು ಇದನ್ನ ಹಾಕ್ರಿ ಅಂತ?"

"ಮಳಿ ಬರಾಕ ಹತ್ತೈತಿ. ಯಾರು ಹೇಳಬೇಕು?" ಎಂದಳು ಗಿಡ್ಡಮ್ಮ. "ನೀ ಹೋಗಿ ಕುಂತಿ ಬಳ್ಳಾರ್ಯಾಗ. ನಾ ಬಂದು ಅಮ್ಮಾರಿಗೆ ಕೇಳಿದೆ. ನಮ್ಮ ಹುಡುಗನ ಮಾಳಿಗಿ ಬೋಳು ಐತಂತಲ್ರೀ, ಹಂಗ ಬಿಟ್ರ ಹೆಂಗ ಅಂದೆ."

"ನಾನೂ ಅದನ್ನ ಅಂತಿದ್ದೆ," ಎಂದಳು ನಾಗಲಿಂಗಮ್ಮ. "ಹಾಲೇಶನ ಹೇಂತಿ ಬ್ಯಾಡ ಅಂದ್ಲು. ಅಕಿಗೇನು ಗೊತ್ತು, ಅಕಿ ತಗಡಿನ ಮನ್ಯಾಗ ಹುಟ್ಟಿದಾಕಿ."

"ಕಲ್ಲು ಒಂದ ಇಲ್ಲ ನೋಡು, ಎರಡು ಸಲ ಜರಡಿ ಹಿಡದೀವಿ. ಕಬ್ಬಿಣ ಮುಟ್ಟಿಸಿಲ್ಲ. ಸಲಿಕಿ ಗುದ್ಲಿ ಕೆಳಗ ಬಿಟ್ಟೀವಿ. ಎಲ್ಲಾ ಕೈಲೆ ಹರವೀನಿ. ಚೂಪಂದು ಏನೂ ಇಲ್ಲ." ಗಿಡ್ಡಮ್ಮ ಕೊಡತಿಯನ್ನು ತಿರುಗಿಸಿ ಅದರ ಚಪ್ಪಟೆ ಹೊಟ್ಟೆ ತೋರಿಸಿದಳು. ಬಳಕೆಯಿಂದ ನುಣುಪಾಗಿ ಹೊಳೆಯುತ್ತಿತ್ತು. "ಮರದ್ದು."

ಭೀಮರಾಜ ಮಣ್ಣಿನ ಮೇಲೆ ಕಾಲಿಟ್ಟ. ತಣ್ಣಗಿತ್ತು. ಎಲ್ಲೂ ಒಂದು ಬಿರುಕಿಲ್ಲ, ಒಂದು ಉಬ್ಬಿಲ್ಲ. ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ಅವನು ಈಚೆಗೆ ನೋಡಿರಲಿಲ್ಲ.

"ಹೆಂಗಾಗೈತಿ?" ಎಂದಳು ಅಜ್ಜಿ.

"ಚಲೋ ಆಗೈತಿ."

"ಮತ್ತ?"

"ಚಲೋ ಆಗೈತಿ ಅಂದ್ನೆಲ್ಲಜ್ಜಿ. ಸಾಕು ಬಿಡು, ಇನ್ನ ಬಡೀಬ್ಯಾಡ. ಸೊಂಟ ನೋವಾಕೈತಿ."

"ಇದೊಂದು ಮೂಲಿ," ಎಂದು ಅವಳು ಕೊಡತಿ ಎತ್ತಿದಳು. ಅವನು ನೋಡುತ್ತ ನಿಂತ. ಪ್ರತಿ ಪೆಟ್ಟಿಗೂ ಅವನ ಹಲ್ಲು ಕಚ್ಚಿಕೊಳ್ಳುತ್ತಿದ್ದವು. ಅವಳು ಒಮ್ಮೆ ತಡೆದು, ಪೆಟ್ಟು ಬಿದ್ದ ಜಾಗವನ್ನು ಅಂಗೈಯಿಂದ ಒತ್ತಿ ನೋಡಿದಳು. ಆಮೇಲೆ ಮುಂದುವರಿಸಿದಳು.

ಮರುದಿನ ಬೆಳಿಗ್ಗೆ ನೀರು ಹೋಗುವ ಪೈಪಿನ ಬಾಯಿ ನೋಡಬೇಕು ಎಂದು ಹೇಳಿ ಅವನು ಮೇಲೆ ಹತ್ತಿದ. ಲೇಪದ ಡಬ್ಬಿ, ಕುಂಚ, ಒಂದು ಪ್ಲಾಸ್ಟಿಕ್ ತಟ್ಟೆ ಚೀಲದಲ್ಲಿದ್ದವು. ಮೂಲೆಯಲ್ಲಿ ಮಂಡಿಯೂರಿ ತಟ್ಟೆಯ ಅಂಚಿನಿಂದ ಮಣ್ಣನ್ನು ಕೆರೆದ. ಒಣಗಿದ ಮಣ್ಣು ಹಕ್ಕಳೆಯಾಗಿ ಎದ್ದು ಬಂತು. ಕೆಳಗೆ ಬಿಳಿ ಲೇಪದ ಮೇಲೆ ತಗ್ಗುಗಳು, ಪ್ರತಿಯೊಂದೂ ಕೊಡತಿಯ ಆಕಾರದ್ದು, ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು. ತಗ್ಗಿನ ಅಂಚಿನಲ್ಲಿ ಲೇಪ ಹರಿದಿತ್ತು. ಹರಿದಲ್ಲಿ ಹಳದಿ ಕಾಣುತ್ತಿತ್ತು. ಅದನ್ನು ಬೆರಳಿನಿಂದ ಒತ್ತಿದರೆ ಮಣ್ಣಿಗೆ ಹಾಕಿದ್ದ ನೀರು ಹೊರಬಂತು.

ಇಡೀ ಮಣ್ಣು ತೆಗೆಯಬೇಕು. ಒಣಗಲು ಬಿಡಬೇಕು. ಕತ್ತರಿಸಿ ಮತ್ತೆ ಹೊಡೆಯಬೇಕು. ಮೋಡ ಇತ್ತು, ಯಂತ್ರ ಬಳ್ಳಾರಿಯಲ್ಲಿತ್ತು. ಮಣ್ಣು ತೆಗೆಯಲು ಶುರು ಮಾಡಿದರೆ ಮಧ್ಯಾಹ್ನದ ಒಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ಗಿಡ್ಡಮ್ಮನಿಗೂ. ಅವನು ಡಬ್ಬಿ ತೆರೆದು, ಆ ಮೂಲೆಗೆ ಮಾತ್ರ ಲೇಪ ಬಳಿಯತೊಡಗಿದ. ಇದರಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು.

"ಏನೋ ಅದು ಹಳದಿ?"

ಗಿಡ್ಡಮ್ಮ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಮರೆತು ಹೋದ ಜರಡಿ ಒಯ್ಯಲು ಬಂದಿದ್ದಳು.

"ಏನಿಲ್ಲಜ್ಜಿ. ಪೈಪಿನ ಹತ್ರ ಸ್ವಲ್ಪ ಬಣ್ಣ ಹಚ್ಚಾಕತ್ತೀನಿ."

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. ಕಣ್ಣು ಮಂಜಾಗಿದ್ದರಿಂದ ಕೈಯಿಂದಲೂ ನೋಡಿದಳು. ತಗ್ಗಿನ ಒಳಗೆ ಅವಳ ಬೆರಳುಗಳು ಒಂದೊಂದಾಗಿ ಇಳಿದವು. ಅಂಗೈಗೆ ಬಿಳಿ ಲೇಪ ಹತ್ತಿತು.

"ನಾ ಬಡಿದದ್ದಕ್ಕ ಆತೇನು?"

"ಅಲ್ಲ."

"ಮತ್ತ ಯಾಕ ಗಾಯ ಆದಂಗ ಐತಿ?"

"ಅದು ಮೊದ್ಲ ಹಂಗ ಇತ್ತಜ್ಜಿ. ನಾನ ಬಿಟ್ಟಿದ್ದೆ. ನೀ ಹೋಗು, ಬಿಸಿಲು ಬರ್ತತಿ."

ಬಿಸಿಲು ಬರುವ ಲಕ್ಷಣ ಎಲ್ಲೂ ಇರಲಿಲ್ಲ. ಅವಳು ಜರಡಿ ಎತ್ತಿಕೊಂಡು, ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಗೋಡೆ ಹಿಡಿದು ಇಳಿದು ಹೋದಳು. ಅವನು ಮಣ್ಣನ್ನು ಮತ್ತೆ ಎಳೆದು ಮುಚ್ಚಿದ. ಅಂಗೈಯಿಂದ ತಟ್ಟಿ ಸಮ ಮಾಡಿದ.

ಆ ಸಂಜೆಯೇ ಮಳೆ ಬಂತು. ಜೋರಾಗಿ, ಗಾಳಿಯ ಸಮೇತ, ಬಹಳ ಹೊತ್ತು. ಮಾರುಕಟ್ಟೆಯಲ್ಲಿ ತಾಡಪತ್ರಿ ಹಾರಿ ಯಾರದೋ ಮೆಕ್ಕೆಜೋಳ ನೆನೆಯಿತು. ಗಿಡ್ಡಮ್ಮ ಬಾಗಿಲಲ್ಲಿ ಕೂತು ಮಳೆಯನ್ನು ನೋಡಿದಳು. ಬೇರೆ ವರ್ಷಗಳಲ್ಲಿ ಮೊದಲ ಮಳೆಗೆ ಅವಳು ಯಾವ ಯಾವ ಮನೆ ಸೋರುತ್ತಿರಬಹುದು ಎಂದು ಹೆಸರು ಹಿಡಿದು ನಗಾಡುತ್ತಿದ್ದಳು. ಆ ಸಂಜೆ ನಗಾಡಲಿಲ್ಲ. ಭೀಮರಾಜ ಫೋನು ಕೈಯಲ್ಲಿ ಹಿಡಿದೇ ಇದ್ದ. ಹಾಲೇಶಪ್ಪನ ಮನೆಯಿಂದ ಫೋನು ಬರಲಿಲ್ಲ.

ಬಂದದ್ದು ಬೆಳಿಗ್ಗೆ. "ಬಾರಪ್ಪ ಜಲ್ದಿ. ಭಾವ ಬಂದಾರ ಹಗರಿಬೊಮ್ಮನಹಳ್ಳಿಯಿಂದ. ಅಜ್ಜಿನೂ ಕರ್ಕೊಂಡು ಬರಬೇಕಂತ. ಅವ್ವ ಹೇಳ್ಯಾಳ."

ಗುರುಬಸವರಾಜ ಪಡಸಾಲೆಯ ನಡುವೆ ನಿಂತು ಮೇಲೆ ನೋಡುತ್ತಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಕಾರಿನ ಕೀ.

"ಫ್ಯಾನ್ ಆಫ್ ಮಾಡ್ರಿ," ಎಂದ.

ಮಾಡಿದರು. ಎಲ್ಲರೂ ಅವನ ಹಾಗೆ ಮೇಲೆ ನೋಡಿದರು.

"ಎಷ್ಟು ತಂಪೈತಿ ನೋಡ್ರಿ," ಎಂದ.

ಮಳೆ ಬಂದ ಮರುದಿನ ಹರಪನಹಳ್ಳಿಯ ಎಲ್ಲ ಮನೆಗಳೂ ತಂಪಾಗಿದ್ದವು. ಅದನ್ನು ಯಾರೂ ಹೇಳಲಿಲ್ಲ. ಭೀಮರಾಜ ಒಂದೊಂದೇ ಕೋಣೆ ನೋಡಿಕೊಂಡು ಬಂದ. ಉಗ್ರಾಣದ ಮೂಲೆಯಲ್ಲಿ, ಬಳಸದ ತೊಟ್ಟಿಲಿನ ಮೇಲೆ, ಸ್ಲ್ಯಾಬಿನಲ್ಲಿ ಅಂಗೈಯಗಲದ ಒಂದು ಕಪ್ಪು ಕಲೆ ಇತ್ತು. ಮುಟ್ಟಿದ. ಒದ್ದೆ. ಹಿಂದಕ್ಕೆ ತಿರುಗಿದಾಗ ಉಗ್ರಾಣದ ಕಿಟಕಿಯ ಆಚೆ, ಹಿತ್ತಲಲ್ಲಿ ಗಿಡ್ಡಮ್ಮ ನಿಂತಿದ್ದಳು. ಮನೆಯ ಒಳಗೆ ಬಂದು ಅವಳಿಗೆ ರೂಢಿ ಇರಲಿಲ್ಲ. ಅವಳು ಕಲೆಯನ್ನು ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು.

ಗುರುಬಸವರಾಜ ಬೂಟು ಬಿಚ್ಚಿ ಮಾಳಿಗೆಗೆ ಹೋಗಿ ಬಂದ. ಹೋಗುವ ಮುಂಚೆ ನಾಗಲಿಂಗಮ್ಮ ಅವನ ಕಾಲುಚೀಲವನ್ನೂ ಬಿಚ್ಚಿಸಿದ್ದಳು. ಮೇಲೆ ಮಣ್ಣಿನ ಫೋಟೋ ತೆಗೆದುಕೊಂಡು ಹಿತ್ತಲಿಗೆ ಇಳಿದ. ಎಲ್ಲರೂ ಅಲ್ಲಿಗೆ ಬಂದರು.

"ನಾ ಬಂದದ್ದು ಫೋಮ್ ನೋಡಾಕ," ಎಂದ ಅವನು. "ಆದ್ರ ಇಲ್ಲಿ ನೋಡಿದ್ದ ಬ್ಯಾರೆ. ಹೊಸಾದೂ ಐತಿ, ನಮ್ಮ ಹಳೇದೂ ಐತಿ. ಕೆಳಗ ಕೆಮಿಕಲ್, ಮ್ಯಾಲೆ ಕರಲು ಮಣ್ಣು. ಇದನ್ನ ಯಾರೂ ಮಾಡಿಲ್ಲ. ಯಾರ ತಲಿ ಇದು?"

"ಗಿಡ್ಡೀದು, ನಂದು," ಎಂದಳು ನಾಗಲಿಂಗಮ್ಮ.

"ಹಾಸ್ಟೆಲ್ಲಿಗೂ ಹಿಂಗ ಮಾಡೋಣು. ಭೀಮರಾಜ, ನೀ ಹೊಡಿ. ಮುಗಿದ ಕೂಡ್ಲೆ ಅಜ್ಜಿ ಮಣ್ಣು ಹಾಕಿ ಬಡೀಲಿ. ಸಂಸ್ಥಾದವರಿಗೆ ನಾ ಹೇಳ್ತೀನಿ. ಬರೇ ಫೋಮ್ ಅಂದಿದ್ರ ಅವರು ಒಪ್ತಿದ್ದಿಲ್ಲ ನೋಡು. ಮಣ್ಣು ಅಂದ್ರ ಒಪ್ತಾರ. ಆತೇನು?"

ಭೀಮರಾಜನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ಮಾಳಿಗೆಯ ಮೇಲೆ, ಮನೆಯಲ್ಲಿ, ಈಗ ದಾರಿಯಲ್ಲಿ ಬರುವಾಗಲೂ ಅದನ್ನು ಅವನು ಸರಿಮಾಡಿಕೊಂಡಿದ್ದ. ಮಣ್ಣು ಬೇಡ, ಬಡಿಯುವುದು ಬೇಡ, ಬಡಿದರೆ ಹಾಳಾಗುತ್ತದೆ, ಮೇಲಿರುವುದು ಆಗಲೇ ಹಾಳಾಗಿದೆ. ಸಣ್ಣ ವಾಕ್ಯ. ಅದನ್ನು ಅಜ್ಜಿಯ ಎದುರಿಗೇ ಹೇಳಬೇಕಾಗಿತ್ತು. ಉದ್ದನೆಯ ನೆರಳಿಲ್ಲದ ಹಾಸ್ಟೆಲ್ ಕಟ್ಟಡವೂ ಕಣ್ಣ ಮುಂದೆ ನಿಂತಿತ್ತು. ಒಂದೆರಡು ಬೇಸಿಗೆಯಾದರೂ ಹುಡುಗರು ತಂಪಾಗಿ ಮಲಗುತ್ತಾರೆ, ಹಾಳಾಗುವುದು ಆಮೇಲೆ.

"ಆತ್ರಿ ಸರ," ಎಂದ.

"ಮುಗೀತು ಹಂಗಾರ," ಎಂದು ಹಾಲೇಶಪ್ಪ ಅವನ ಬೆನ್ನು ತಟ್ಟಿದ. ಚಹಾ ಬಂತು. ಈ ಸಲ ಎಲ್ಲರಿಗೂ ಪೇಪರ್ ಕಪ್ಪು.

ನಾಗಲಿಂಗಮ್ಮ ಒಳಗೆ ಹೋಗಿ ಒಂದು ಮೊರ ಹಿಡಿದು ಬಂದಳು. ಬಿಳಿ ಜೋಳ, ಅದರ ಮೇಲೆ ಮಡಿಕೆ ಬಿಚ್ಚದ ಹಸಿರು ಸೀ‌ರೆ, ಕುಪ್ಪಸದ ಕಣ, ಒಂದು ಹೋಳು ಕೊಬ್ಬರಿ. ಮೊದಲಿನ ಹಾಗೆ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತಳು. ಸೀರೆಯನ್ನು ಅವಳೇ ಪೇಟೆಗೆ ಹೋಗಿ ಆರಿಸಿ ತಂದಿದ್ದಳು; ಹಾಗೆಂದು ಮಗನಿಗೆ ಬೆಳಿಗ್ಗೆಯಿಂದ ಹೇಳುತ್ತಿದ್ದಳು.

"ಗಿಡ್ಡಿ, ಬಾ. ಸೆರಗ ಹಿಡಿ."

ಗಿಡ್ಡಮ್ಮ ನಿಂತಲ್ಲೇ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅದರ ಅಂಚಿನಲ್ಲಿ ಬಿಳಿ ಲೇಪ ಒಣಗಿ ಚಕ್ಕೆಯಾಗಿತ್ತು.

"ಬಾರಬೇ, ನಾಚ್ಕೋತಾಳ ನೋಡು ಮದುಮಗಳಂಗ," ಎಂದು ನಾಗಲಿಂಗಮ್ಮ ನಕ್ಕಳು.

"ಹಾಸ್ಟೆಲ್ ಕೆಲಸಕ್ಕ ಬಸ್ಸಿನ್ಯಾಗ ಬರಬ್ಯಾಡ ಅಜ್ಜಿ," ಎಂದ ಗುರುಬಸವರಾಜ. "ಕಾರು ಕಳಸ್ತೀನಿ. ಕೊಡತಿ ಒಂದು ಹಿಡಕೊಂಡು ಕುಂತ್ರ ಆತು."

ಗಿಡ್ಡಮ್ಮ ಮೊಮ್ಮಗನ ಕಡೆ ನೋಡಿದಳು. ಅವನು ಚಹಾದ ಕಪ್ಪನ್ನು ನೋಡುತ್ತಿದ್ದ. ಉಗುರಿನ ಸುತ್ತ ಬಿಳಿ ಇನ್ನೂ ಹೋಗಿರಲಿಲ್ಲ.

"ಒಲ್ಲೆ," ಎಂದಳು.

"ಏನು ಒಲ್ಲೆ? ಕಾರು ಒಲ್ಲೇನು?"

"ಕಾರೂ ಒಲ್ಲೆ. ಸೀರಿನೂ ಒಲ್ಲೆ. ಹಾಸ್ಟೆಲ್ಲಿನ ಮಾಳಿಗಿ ನಾ ಬಡಿಯಂಗಿಲ್ಲ."